ಹಿಡಿತ

ಸೊಲ್ಲಾಪುರ, ಅಶೋಕ ಚೌಕದ ಹಿಂದಿನ ಓಣಿ,
ವಾಚನಾಲಯದ ಮಾಳಿಗಿ ಮ್ಯಾಲೆ ಒಂದು ಟೇಬಲ್ಲು.
ಒಂದು ಮಗ್ಗಲಾ ಹಸಿರು. ಇನ್ನೊಂದು ಮಗ್ಗಲಾ
ಹಸಿರು ಇತ್ತು ಅಂತ ನಂಬೋದು.
ನೆಟ್ಟಿಗೆ ಚಾದರದ ಅಂಚು ಹೊಲಿದು ಕೊಟ್ಟಾಂವ ಅಂಬಾದಾಸ.
ಇಪ್ಪತ್ತು ವರ್ಷ ಅದರ ಮ್ಯಾಲೆ ದೊಡ್ಡವರು ಆಡ್ಯಾರ,
ಚಹಾದ ಪಣ, ಸೋತವನ ಪಾಳಿ;
ಯಾರೂ ಯಾರಿಗೂ ಏನೂ ಕಲಿಸಿಲ್ಲ.

ನಾನು ಕೇಳಿದ್ದು ಬರೇ ಎರಡು ತಾಸು.
ಐದರಿಂದ ಏಳು. ಹುಡುಗರಿಗೆ.
ಕೇರಂ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು.
"ಕಲಿಸೋದೇನೈತ್ರಿ ಇದರಾಗ, ಬಾಯಾರ?
ಚೆಂಡು ಬರ್ತದ, ಹೊಡೀತೀವಿ."
ಕಾರ್ಯದರ್ಶಿ ಧೂಳಪ್ಪ
ಮೂರು ತಿಂಗಳಾ ನೋಡೂಣು ಅಂದ,
ಕೀಲಿಕೈ ಕೊಟ್ಟ, ರಶೀದಿ ಬರಸಕೊಂಡ.

ಹನ್ನೊಂದು ಚೆಂಡು, ಬಿಸ್ಕೀಟಿನ ಡಬ್ಬಿಯೊಳಗ.
ಮೂರಕ್ಕ ಬಿರುಕು. ಬಿರುಕು ಬಿಟ್ಟಿದ್ದು
ಟೇಬಲ್ಲಿಗೆ ಬಡಿದಾಗ ಕೆಮ್ಮಿದಂಗ ಸಪ್ಪಳ;
ಅವನ್ನ ಎಸೀಲಿಲ್ಲ, ಸರ್ವೀಸ್ ಕಲಿಸಾಕ ಇಟ್ಟೆ.
ಅಂಗೈ ಬಿಚ್ಚಿರಬೇಕು, ಬೆರಳು ಮಡಚಬಾರದು,
ಆಚಿಕಡಿಯಾಂವಗ ಚೆಂಡು ಕಾಣಬೇಕು,
ಬಚ್ಚಿಟ್ಟು ಹೊಡೆದರ ತಪ್ಪು.
ನಿನ್ನ ಗೇಣಿನಷ್ಟರ ಮ್ಯಾಲೆ ಹಾರಿಸು, ಬೀಳೂಮುಂದ ಹೊಡಿ.
ಇಷ್ಟು ಹೇಳಾಕ ಮೂರು ಭಾಷಾ ಬೇಕು ನಮ್ಮೂರಾಗ:
ಕಾಶೀಬಾಯಿಯ ಮಗಗ ಮರಾಠಿ,
ಬೊಲ್ಲಿಯವರ ಅವಳಿ ಹುಡುಗರಿಗೆ ತೆಲುಗು,
ಉಳಿದವರಿಗೆ ನಮ್ಮ ಮನಿ ಮಾತು.
ಎಣಿಕಿ ಮಾತ್ರ ಯಾರದು ಯಾರಿಗೋ ಅಂಟಿಬಿಟ್ಟೈತಿ:
"ನಊ... ಪದಿ... ಹನ್ನೊಂದ!" ಅಂತ ಮುಗೀತದ ಆಟ.

ಕೆಳಗ ಪವರ್‌ಲೂಮು ಖಟಾಖಟ್ ಖಟಾಖಟ್,
ಮ್ಯಾಲೆ ನಾವು. ಯಾರ ತಾಳಕ್ಕ ಯಾರು ಆಡ್ತೀವೋ.
ಮಗ್ಗಕ್ಕ ಸೂಟಿ ಇದ್ದ ದಿನ
ಹುಡುಗರ ಫೋರ್‌ಹ್ಯಾಂಡು ತಡವರಿಸ್ತದ.

ಇಂದ್ರಾಣಿ ಬಂದಿದ್ದು ಮಳಿಗಾಲದ ನಡುವ.
ಹದಿನಾಕು ವರ್ಷ. ಅವ್ವನ ಜೋಡಿ ಬೀಡಿ ಕಟ್ಟಿ,
ಕೈ ತೊಳಕೊಂಡು, ಆದರೂ ತಂಬಾಕಿನ ವಾಸನಿ.
ಬ್ಯಾಟು ಕೊಟ್ಟೆ. ಆಕಿ ಹಿಡಿದಿದ್ದು
ಹೆಬ್ಬೆರಳು ತೋರಬೆರಳಿನ ನಡುವ,
ಎಲಿ ಸುತ್ತೂ ಹಂಗ; ಹಿಡಿಕಿ ಮ್ಯಾಲೆ, ಹಲಗಿ ಕೆಳಗ.
"ಹಂಗಲ್ಲವ್ವಾ. ಕೈ ಕುಲುಕಿದಂಗ ಹಿಡಿ."
ಕುಲುಕಿದಳು. ಚೆಂಡು ಕಿಟಕಿ ದಾಟಿ
ಗಫೂರಸಾಬರ ಸೈಕಲ್ ಬುಟ್ಟಿಯೊಳಗ.
ಒಂಬತ್ತು ದಿನ ಕುಲುಕಿಸಿದೆ.
ಒಂಬತ್ತು ದಿನ ಆಕಿ ಗೋಡಿ ಕಡೆ ಹೊಳ್ಳಿ, ನಾ ನೋಡದಾಗ,
ಬೆರಳು ತಮ್ಮ ಜಾಗಕ್ಕ ಒಯ್ದಳು.

ಪುಣೆದಾಗ ಆರು ದಿನದ ಶಿಬಿರ, ಕಲಿಸೋರಿಗೆ ಕಲಿಸೋದು.
ರಜಾ ಹಾಕಿ ಹೋದೆ.
ಇಪ್ಪತ್ತೆಂಟು ಗಂಡಸರು, ನಾನು, ಕೊಲ್ಹಾಪುರದಾಕಿ ಒಬ್ಬಾಕಿ.
ಮೊದಲ ದಿನ ಅಲ್ಲಿಯ ಮುದುಕ ಗುರುಗಳು
ಎಲ್ಲಾರ ಬ್ಯಾಟನ್ನೂ ಎಡಗೈಗೆ ಕೊಡಿಸಿದರು. "ಆಡ್ರಿ."
ಹದಿನೆಂಟು ವರ್ಷ ಆಡಿದಾಕಿ ನಾನು,
ಹತ್ತು ಚೆಂಡಿಗೆ ಹತ್ತೂ ನೆಲಕ್ಕ.
ಅವರು ಏನೂ ಅನಲಿಲ್ಲ. ಚೆಂಡು ಆರಿಸಿ ಮತ್ತ ಹಾಕಿದರು.
ವಾಪಸ್ ಬರೂಮುಂದ ರೈಲಿನಾಗ, ಕುರ್ಡುವಾಡಿ ದಾಟಿದ ಮ್ಯಾಲೆ,
ನನ್ನ ಧ್ವನಿ ನಾನ ಕೇಳಿಸಿಕೊಂಡೆ:
ಹಂಗಲ್ಲವ್ವಾ, ಹಂಗಲ್ಲವ್ವಾ.
ಎಷ್ಟು ಸರ್ತಿ ಅಂದಿರಬೇಕು.

ಸೋಮವಾರ ಅಂದೆ: ನಿನ್ನಂಗ ಹಿಡಿ.
ಆಕಿ ನನ್ನ ನೋಡಿದಳು, ಇದೂ ಒಂದು ಪರೀಕ್ಷಾ ಇರಬೇಕು ಅಂತ.
ಆಮ್ಯಾಲೆ ಬೆರಳು. ಮಣಿಕಟ್ಟು.
ಬೀಡಿಯ ತುದಿ ಮಡಚೂ ಆ ಸಣ್ಣ ತಿರುವು
ಚೆಂಡಿನ ಹೊಟ್ಟಿಗೆ ತಗಲಿ,
ನನ್ನ ಬಲಕ್ಕ ಬಿದ್ದದ್ದು ಎಡಕ್ಕ ಹೊಂಟಿತು.
ಅಂಬಾದಾಸ ಚಹಾ ಕೆಳಗಿಟ್ಟ.
ನನಗ ತಿರುಗಿ ಹೊಡೀಲಿಕ್ಕೆ ಆಗಲಿಲ್ಲ, ಅಷ್ಟ.

ಹಂಗಂತ ಎಲ್ಲಾ ನೆಟ್ಟಗಾತು ಅನ್ನಂಗಿಲ್ಲ.
ಆಕಿಗೆ ಬ್ಯಾಕ್‌ಹ್ಯಾಂಡ್ ಬರೂದಿಲ್ಲ,
ಆ ಹಿಡಿತದಾಗ ಅದನ್ನ ಹೆಂಗ ಕಲಿಸಬೇಕು, ನನಗೂ ಬರೂದಿಲ್ಲ.
ಗುರುವಾರ ಕಾರ್ಖಾನಿಗೆ ಬೀಡಿ ಲೆಕ್ಕಾ ಕೊಡೂ ದಿನ, ಆಕಿ ಇಲ್ಲ.
ಧೂಳಪ್ಪನ ವಹಿಯೊಳಗ 'ಪ್ರಗತಿ' ಅಂತ ಒಂದು ಕಾಲಂ ಐತಿ.
ಬರೆದೆ: ಚೆಂಡು ತಂದದ್ದು ಇಪ್ಪತ್ನಾಕು, ಒಡೆದದ್ದು ಆರು.
ಕಲಿಯೋರು ಹದಿನೆಂಟು, ನನ್ನನ್ನೂ ಹಿಡಿದು.

ರಾತ್ರಿ ರೊಟ್ಟಿ ಬಡಿದು ಮುಗಿಸಿ
ಸೌಟು ತಲಿಕೆಳಗ ಮಾಡಿ ಎರಡ ಬೆರಳಿನಾಗ ಹಿಡಿದು ನೋಡ್ತೀನಿ.
ಹೆಬ್ಬೆರಳ ಬುಡ ನೋಯ್ತದ.
ಗಂಡ ಕೇಳ್ತಾನ, "ಏನ ನಡದೈತಿ?"
"ತಡೀರಿ" ಅಂತೀನಿ, "ಇನ್ನೊಂದ ಸರ್ತಿ."