ಪ್ರತಿ ಸಂಖ್ಯೆ ಮೂವತ್ತೊಂದು

ಆಗಸ್ಟಿನಲ್ಲಿ ಹಡಗುಗಳಿಂದ ಶುರು ಮಾಡುತ್ತೇನೆ.
ಸೆಪ್ಟೆಂಬರಿನಲ್ಲಿ ಚಹಾ ಸಮುದ್ರಕ್ಕೆ ಬೀಳುತ್ತದೆ.
ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ದೇಶ ಎರಡಾಗಿ
ಕ್ರಿಸ್‌ಮಸ್ಸಿಗೆ ಹೊಲಿಗೆ ಬಿದ್ದಿರುತ್ತದೆ, ಒರಟು ಹೊಲಿಗೆ,
ಎಳೆದರೆ ಇವತ್ತಿಗೂ ಬಿಚ್ಚುತ್ತದೆ.
ಹಿಮ ಸುರಿದು ರಜೆ ಕೊಟ್ಟ ದಿನಗಳಲ್ಲಿ
ರೈಲುಹಳಿ, ಉಕ್ಕು, ಮುಷ್ಕರ ಎಲ್ಲ ಹೂತುಹೋಗುತ್ತವೆ.
ಮೇ ತಿಂಗಳಿಗೆ ಎರಡನೇ ಮಹಾಯುದ್ಧ.
ಆಮೇಲೆ ಗಂಟೆ.

ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ
ಈ ಮಕ್ಕಳ ಅಜ್ಜಂದಿರ ಮದುವೆಯ ತನಕ ನಾನು ತಲುಪಿಲ್ಲ.
ಉಳಿದದ್ದು ಮನೆಯಲ್ಲಿ ಓದಿಕೊಳ್ಳಿ, ಎನ್ನುತ್ತೇನೆ.
ಮನೆಯಲ್ಲಿ ಯಾರೂ ಓದುವುದಿಲ್ಲ.
ಮನೆಯಲ್ಲಿ ಅದು ನಡೆಯುತ್ತಿರುತ್ತದೆ.

ಬೆಲ್ಡೆನ್ ಫೆರಿ ಹೈಸ್ಕೂಲು, ಒಹಾಯೋ ನದಿಯ ದಂಡೆ,
ಕೋಣೆ ಇನ್ನೂರ ನಾಲ್ಕು, ಮೂರನೇ ಪೀರಿಯಡ್.
ಕಿಟಕಿಯಾಚೆ ಕಾಗದದ ಮಿಲ್ಲು,
ಬಾಗಿಲು ಮುಚ್ಚಿ ಹದಿನಾಲ್ಕು ವರ್ಷ.
ನಮ್ಮ ಪುಸ್ತಕದ ಹಾಳೆ ಅಲ್ಲಿಯದೇ ಇರಬಹುದಾ?
ಕೇಳಿದಳು ಮುಂದಿನ ಸಾಲಿನ ಇಮಾನಿ ರೋಡ್ಸ್.
ಆಧಾರ ಹುಡುಕು, ಅಂದೆ.
ಪರೀಕ್ಷೆಗೆ ನಾಲ್ಕು ಆಯ್ಕೆ, ಒಂದು ಸರಿ; ಅದು ಜಿಲ್ಲೆಯ ಪಾಠ.
ನನ್ನದು ಇದೊಂದೇ:
ಯಾರು ಬರೆದರು? ಯಾವಾಗ?
ಬರೆಯುವಾಗ ಅವರ ಜೇಬಿನಲ್ಲಿ ಏನಿತ್ತು?
ಯಾರ ಹೆಸರು ಬಿಟ್ಟರು?

ಪ್ರತಿ ಪುಸ್ತಕದ ಒಳರಟ್ಟಿನಲ್ಲಿ ಒಂದು ಮುದ್ರೆ, ಮೂರು ಕಾಲಂ:
ಹೆಸರು, ವರ್ಷ, ಸ್ಥಿತಿ.
ಮೂವತ್ತೊಂದನೆಯದರಲ್ಲಿ
ಡಾರ್ಲಾ ಪಿಕೆನ್ಸ್, ತೊಂಬತ್ತೇಳು, ಹೊಸತು.
ರಸೆಲ್ ಸ್ಟ್ರಿಕ್ಲರ್, ತೊಂಬತ್ತೊಂಬತ್ತು, ಉತ್ತಮ.
ಆಮೇಲಿನ ಏಳೆಂಟು ಹೆಸರು ಕಾಫಿ ಕಲೆಯ ಕೆಳಗೆ.
ಕೊನೆಗೆ ಕೋಲ್ಬಿ ಸ್ಟ್ರಿಕ್ಲರ್, ಈ ವರ್ಷ, ಬೆನ್ನು ಹರಿದಿದೆ.

ಹುಡುಗ ವರ್ಷವಿಡೀ ಬಾಯಿ ಬಿಡಲಿಲ್ಲ.
ಎಕರೆಗೆ ಮೂರ್ನಾಲ್ಕು ಸೆಂಟಿನಂತೆ ನಾಡು ಕೊಂಡ ಕಥೆ
ನಾನು ಹೇಳುತ್ತಿದ್ದರೆ
ಅವನ ಬೆರಳು ಪುಟದಂಚಿನಲ್ಲಿ ಓಡಾಡುತ್ತಿತ್ತು.
ಒಬ್ಬ ಸೇನಾಪತಿಗೆ ಬಾಲ್‌ಪೆನ್ನಿನ ಕನ್ನಡಕ,
ಇನ್ನೊಂದು ಕಡೆ ಪಿಕಪ್ ಟ್ರಕ್ಕು, ಚಕ್ರ ಐದು,
ಮತ್ತೆಲ್ಲೋ ಒಂದು ಸಾಲು:
ಈ ಹೆಂಗಸು ಉಸಿರಾಡಲೂ ನಿಲ್ಲಿಸುವುದಿಲ್ಲ.
ಆ ಹೆಂಗಸು ನಾನು.
ಆಗ ನನ್ನ ಕೂದಲು ಕೆಂಪಗಿತ್ತು.

ರಸೆಲ್ ಮಿಲ್ಲಿಗೆ ಸೇರಿದ, ರೀಲು ಎತ್ತಿದ, ಬೆನ್ನು ಹಿಡಿಯಿತು.
ಡಾಕ್ಟರು ಮಾತ್ರೆ ಬರೆದರು.
ಆಮೇಲೆ ಮಾತ್ರೆಯೇ ಅವನನ್ನು ಬರೆಯತೊಡಗಿತು.
ಆ ಅಧ್ಯಾಯ ನಮ್ಮ ಪುಸ್ತಕದಲ್ಲಿಲ್ಲ.
ಇದ್ದಿದ್ದರೂ ಅಷ್ಟರಲ್ಲಿ ಜೂನ್ ಬಂದುಬಿಡುತ್ತಿತ್ತು.

ಜೂನ್ ಬಂತು. ಪುಸ್ತಕ ಎಣಿಸುವ ದಿನ.
ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೆರಡು.
ಕೋಲ್ಬಿ ಎದುರು ನಿಂತ. ಕೈ ಖಾಲಿ, ಬ್ಯಾಗು ಭಾರ,
ಜಿಪ್ಪಿನ ಸಂದಿಯಲ್ಲಿ ನೀಲಿ ರಟ್ಟಿನ ಮೂಲೆ.
"ಕಳೆದುಹೋಯ್ತು, ಮಿಸೆಸ್ ಡ್ರಿಸ್ಕಲ್."
ದಂಡ ಎಪ್ಪತ್ನಾಲ್ಕು ಡಾಲರ್.
ಅವನ ಅಮ್ಮ ಪೆಟ್ರೋಲ್ ಬಂಕಿನ ರಾತ್ರಿಪಾಳಿಯಲ್ಲಿ
ಎಷ್ಟು ಗಂಟೆ ನಿಂತರೆ ಅಷ್ಟಾಗುತ್ತದೆ
ಎಂಬ ಲೆಕ್ಕ ಇಬ್ಬರಿಗೂ ಗೊತ್ತು.
ನಾನು ಮೂಲೆಯನ್ನು ನೋಡಿದೆ.
ನಾನು ನೋಡಿದ್ದನ್ನು ಅವನು ನೋಡಿದ.
ಹೊರಗೆ ಯಾರೋ ಲಾಕರು ಬಡಿಯುತ್ತಿದ್ದರು.

ರಿಜಿಸ್ಟರಿನಲ್ಲಿ ಬರೆದೆ:
ಪ್ರತಿ ಮೂವತ್ತೊಂದು. ನದಿ ನೀರು ನುಗ್ಗಿ ಹಾಳು. ವಿಲೇವಾರಿ.
ದಿನಾಂಕ, ಸಹಿ, ನೀಲಿ ಶಾಯಿ.
"ಹೋಗು," ಅಂದೆ. ಹೋದ. ಥ್ಯಾಂಕ್ಸ್ ಕೂಡ ಹೇಳಲಿಲ್ಲ,
ಅದು ಸರಿಯೇ.

ಮುಂದೊಂದು ದಿನ ಯಾರಾದರೂ ಈ ಕಡತ ಬಿಚ್ಚಲಿ.
ಯಾರು ಬರೆದರು, ಯಾವಾಗ, ಎಂದು ಕೇಳಲಿ.
ಹಳೆಯ ಪತ್ರಿಕೆ ತಿರುವಿ, ನೀರಿನ ಮಟ್ಟದ ಪಟ್ಟಿ ತೆಗೆದು,
ಆ ವಸಂತದಲ್ಲಿ ನದಿ ಉಕ್ಕಿಯೇ ಇರಲಿಲ್ಲವಲ್ಲ
ಎಂದು ನನ್ನನ್ನು ಹಿಡಿಯಲಿ.

ಜಾಣ ಮಗು.
ಪೂರ್ತಿ ಅಂಕ.