ಬಾಯ್ಲರ್ ಮನೆಯ ಹಿಂದೆ

ಗೋಬಿ ಮರಳುಗಾಡಿನ ಅಂಚಿನ ನಮ್ಮೂರಿಗೆ
ಒಂದೇ ಶಾಲೆ, ಒಂದೇ ಹಾಸ್ಟೆಲು,
ಒಂದೇ ಬಾಯ್ಲರ್ ಮನೆ.
ಅದರ ಹಿಂದೆ, ಕಲ್ಲಿದ್ದಲ ಗುಡ್ಡೆಗೂ ಗೋಡೆಗೂ ನಡುವೆ
ನಾಲ್ಕು ಹೆಜ್ಜೆ ಜಾಗ,
ಆಫೀಸಿನ ಯಾವ ಕಿಟಕಿಗೂ ಕಾಣದ್ದು.
ಅಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.
ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಗೊಂಚಿಗ್ ಬಂದದ್ದು ಸೆಪ್ಟೆಂಬರಿನಲ್ಲಿ,
ಅಪ್ಪನ ಮೋಟಾರ್ ಸೈಕಲ್ಲಿನ ಹಿಂದೆ ಕೂತು.
ಏಳು ವರ್ಷ, ಎರಡು ಹಲ್ಲು ಕಡಿಮೆ,
ಕೋಟಿನ ತುಂಬ ಸಗಣಿ ಬೆಂಕಿಯ ವಾಸನೆ.
ಕುರಿ ಕಾಯುವವರ ಮಕ್ಕಳಿಗೆ ಅದು ವಾಸನೆಯಲ್ಲ,
ಮನೆ.
ಪೇಟೆಯ ಮಕ್ಕಳು ಮೂಗು ಮುರಿದರು,
'ಹೊಗೆ' ಎಂದು ಹೆಸರಿಟ್ಟರು.
ವಾರ ಕಳೆಯುವುದರೊಳಗೆ, ಹಾಜರಿ ಕೂಗಿದರೆ
ಸ್ವಂತ ಹೆಸರಿಗೇ ಅವನು
ತಡವಾಗಿ ಎದ್ದು ನಿಲ್ಲತೊಡಗಿದ.

ನಾನು ಒಂಬತ್ತನೆಯ ತರಗತಿ.
ನನ್ನ ಕೋಟಿಗೂ ಇತ್ತು ಅದೇ ವಾಸನೆ, ಒಂದು ಕಾಲಕ್ಕೆ.
ಸೋಪಿನಲ್ಲಿ, ಅಕ್ಕ ಕೊಟ್ಟ ಸೆಂಟಿನಲ್ಲಿ
ತೊಳೆದು ತೊಳೆದು ಕಳಕೊಂಡಿದ್ದೆ.
ಹಾಗಾಗಿ ಅವರು ನಕ್ಕಾಗ
ನಾನೂ ನಕ್ಕೆ,
ಎಲ್ಲರಿಗಿಂತ ತುಸು ಜೋರಾಗಿಯೇ.

ರಾಜಧಾನಿಯಿಂದ ಪೋಸ್ಟರೊಂದು ಬಂತು.
ಕೈ ಕೈ ಹಿಡಿದ ಐದು ಮಕ್ಕಳು, ಐವರಿಗೂ ಇಸ್ತ್ರಿ ಬಟ್ಟೆ.
ಪಗ್ಮಾ ಮೇಡಂ ಅದನ್ನು ಊಟದ ಕೋಣೆಯಲ್ಲಿ ಅಂಟಿಸಿ
ಭಾಷಣ ಮಾಡಿದರು. ಚಪ್ಪಾಳೆ ತಟ್ಟಿದೆವು.
ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವನು ತುಮೆನ್.
ಆ ಸಂಜೆ ಗೊಂಚಿಗನ ಎಡಗಾಲ ಬೂಟು
ಕಲ್ಲಿದ್ದಲ ಗುಡ್ಡೆಯಲ್ಲಿ ಹೂತುಹೋಯಿತು.

ಮಾತು ತೆಗೆದವಳು ಡೊಲ್ಗೋರ್,
ಲೆಕ್ಕದಲ್ಲಿ ದಡ್ಡಿ, ಕುಸ್ತಿಯಲ್ಲಿ ಜಾಣೆ.
"ಆ ಜಾಗ ಯಾರದ್ದು?" ಎಂದಳು, ರಾತ್ರಿ ದೀಪ ಆರಿದ ಮೇಲೆ.
ಯಾರದ್ದೂ ಅಲ್ಲ, ಎಂದೆವು.
"ಹಾಗಾದರೆ ನಾಳೆಯಿಂದ ನಮ್ಮದು."

ಇಷ್ಟೇ ನಾವು ಮಾಡಿದ್ದು:
ಫ್ಲಾಸ್ಕಿನಲ್ಲಿ ಉಪ್ಪು ಹಾಕಿದ ಹಾಲಿನ ಚಹಾ,
ಅಡಿಗೆಯವಳನ್ನು ಕಾಡಿ ತಂದ ಆರು ಬಟ್ಟಲು,
ಕಾಲು ಮುರಿದ ಬೆಂಚು.
ಬಿಡುವು ಸಿಕ್ಕಾಗಲೆಲ್ಲ ಹೋಗಿ ಕೂತೆವು.
ಹೋಂವರ್ಕು ಅಲ್ಲೇ, ಜಡೆ ಹೆಣೆದದ್ದು ಅಲ್ಲೇ, ಜಗಳವೂ ಅಲ್ಲೇ.
ಮೈನಸ್ ಇಪ್ಪತ್ತೆಂಟಕ್ಕೆ ಪೆನ್ನಿನ ಶಾಯಿ ಹೆಪ್ಪುಗಟ್ಟಿತು;
ಪೆನ್ಸಿಲಿನಲ್ಲಿ ಬರೆದೆವು.

ಮೊದಲ ದಿನ ತುಮೆನ್ ಬಂದ, ಮೂವರ ಜೊತೆ.
ಡೊಲ್ಗೋರ್ ಏಳಲಿಲ್ಲ.
"ಚಹಾ?" ಎಂದಳು.
ಹೊಡೆಯಬಂದ ಕೈಗೆ
ಬಿಸಿ ಬಟ್ಟಲು ಕೊಟ್ಟರೆ ಏನು ಮಾಡೀತು ಕೈ?
ಚೆಲ್ಲಿದ. ಹಿಮದಲ್ಲೊಂದು ಕಂದು ತೂತು.
ಮರುದಿನವೂ ಚೆಲ್ಲಿದ.
ಅದರ ಮರುದಿನ ಬರಲಿಲ್ಲ.

ಗೆದ್ದೆವು ಅನ್ನಲಾರೆ.
ಬಚ್ಚಲಿದೆ, ಮೆಟ್ಟಿಲ ಕೆಳಗಿದೆ, ಫೋನಿದೆ.
ಎಲ್ಲ ಗೋಡೆಯ ಹಿಂದೆಯೂ ಬೆಂಚು ಹಾಕಲಾಗದು.
ಜನವರಿಯಲ್ಲಿ ಐದನೆಯ ತರಗತಿಯ ಹುಡುಗಿಯೊಬ್ಬಳು
ಹಬ್ಬಕ್ಕೆ ಊರಿಗೆ ಹೋದವಳು ಮರಳಲಿಲ್ಲ.
ಅವಳ ಹೆಸರು ನಮಗೆ ತಿಳಿದದ್ದು
ಅವಳ ಮಂಚ ಖಾಲಿಯಾದ ಮೇಲೆ.
ಬಟ್ಟಲುಗಳನ್ನು ಎಂಟು ಮಾಡಿದೆವು,
ಅಷ್ಟೇ.

ಈಗ ಚಹಾ ಬಡಿಸುವವನು ಗೊಂಚಿಗ್.
ಎರಡೂ ಹಲ್ಲು ಬಂದಿವೆ.
ನಿನ್ನೆ ನನ್ನ ಪಕ್ಕ ಕೂತಾಗ
ಇಷ್ಟು ದಿನ ನುಂಗಿದ್ದನ್ನು ಹೇಳಿಬಿಟ್ಟೆ:
ಬೂಟು ಹೂತ ಸಂಜೆ ಮೂಲೆಯಲ್ಲಿ
ಕಾವಲು ನಿಂತವಳು ನಾನು.
ಮೇಡಂ ಬಂದರೆ ಸಿಳ್ಳೆ ಹಾಕಬೇಕಿತ್ತು.

"ಗೊತ್ತು," ಅಂದ.
"ನಿನ್ನ ಕೆಂಪು ಟೋಪಿ ಕಾಣುತ್ತಿತ್ತು."

ಆಮೇಲೆ ಫ್ಲಾಸ್ಕನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ.
ಇನ್ನೊಂದು ಬಟ್ಟಲಿಗಾಗುವಷ್ಟು ಸದ್ದು.
ಯಾರಿಗೆಂದು ಹೇಳದೆ
ಮುಚ್ಚಳ ತಿರುವತೊಡಗಿದ.