ಒತ್ತು

ಕ್ಯಾಲೆಂಡರಿನ ಜೂನ್ ಹಾಳೆಯನ್ನು ಕತ್ತರಿಸಿ
ಮೇಜಿನ ಮೇಲೆ ಹಾಸಿದ್ದೇನೆ.
ಉದ್ದ ಒಂದು ಗೇಣು ಮೂರು ಬೆರಳು,
ಅಗಲ ಅಂಗೈಗಿಂತ ಚೂರು ಹೆಚ್ಚು.
ಕೊಳ್ಳುವ ಮೊದಲು ಒಂದು ವಾರ
ಇದರ ಮೇಲೆ ಬೆರಳಾಡಿಸಿ ನೋಡೋಣ ಅಂತ.
ಹದಿನೇಳನೇ ತಾರೀಖು ಒತ್ತಿದರೆ ಕ,
ಸಂಕಷ್ಟಿಯ ಮೇಲೆ ಬೆರಳಿಟ್ಟರೆ ದೀರ್ಘ.

ಮೇಜು ಅಂದರೆ ಮೇಜಲ್ಲ,
ಅತ್ತೆಯ ಹೊಲಿಗೆ ಮಿಷನ್ನಿನ ಹಲಗೆ.
ಮಿಷನ್ನು ಒಳಗೆ ತಲೆಕೆಳಗಾಗಿ ಮಲಗಿದೆ,
ಕಾಲಡಿಯ ಕಬ್ಬಿಣದ ಜಾಲರಿ
ನಾನು ಯೋಚಿಸುವಾಗೆಲ್ಲ ತಾನಾಗಿ ತೂಗುತ್ತದೆ.
ಹಲಗೆ ತುಂಬ ಲ್ಯಾಪ್‌ಟಾಪು, ಫೈಲು, ಚಾ ಲೋಟ,
ಮತ್ತೆ, ದಸ್ತಾವೇಜು ಬರೆಯುವ ಬೆಳ್ಯಪ್ಪನವರು
ಆಫೀಸು ಮುಚ್ಚುವಾಗ ಸಂಬಳದ ಬಾಕಿಗೆಂದು ಕೊಟ್ಟ
ಆ ಹಳೆಯ ಕೀಲಿಮಣೆ:
ಎಮ್ಮೆಯಷ್ಟು ಅಗಲ, ಬಾಲದಂಥ ವಯರು.
ಅದು ಕೂತರೆ ಲೋಟ ಕಿಟಕಿಗೆ ಹೋಗಬೇಕು.

ವಕೀಲರ ಗುಮಾಸ್ತ ಸಂಜೆ ಸ್ಕೂಟರಿನಲ್ಲಿ
ಕೈಬರಹದ ಹೇಳಿಕೆಗಳನ್ನು ತಂದು ಹಾಕುತ್ತಾನೆ.
ಬೇಲಿ ಸರಿಸಿದ್ದು, ಸಿಲ್ವರ್ ಮರ ಕಡಿದದ್ದು,
ಒಂದನೇ ಸಾಕ್ಷಿ, ಎರಡನೇ ಸಾಕ್ಷಿ,
ಕೋವಿ ಸದ್ದು ಕೇಳಿದೆ, ಕೋವಿ ನೋಡಿಲ್ಲ ಎಂಬ ಮೂರನೇ ಸಾಕ್ಷಿ.
ರಾತ್ರಿ ಕೂತು ಟೈಪು ಮಾಡುತ್ತೇನೆ.
ಕೈಯಳತೆಯಲ್ಲಿ ಪೂವಿ ಮಲಗಿರುತ್ತಾಳೆ.

ಅಮ್ಮತ್ತಿಯ ಡಾಕ್ಟರು ಮಣಿಕಟ್ಟು ತಿರುಗಿಸಿ ನೋಡಿ
ಕೈ ಇಷ್ಟು ಏರು ಹತ್ತಬಾರದು ಅಂದರು.
ಕೊಡಗಿನಲ್ಲಿ ಯಾವ ಅಂಗಕ್ಕೆ ಆ ಭಾಗ್ಯ ಇದೆ ಸಾರ್, ಅಂದೆ.
ನಗಲಿಲ್ಲ. ತಗ್ಗಿನದು ತಗೊಳ್ಳಿ ಅಂತ ಚೀಟಿಯಲ್ಲೇ ಬರೆದರು.
ಮಣೆ ಅಂದಮೇಲೆ ತಗ್ಗಾಗಿಯೇ ಇರಬೇಕಲ್ಲ,
ಊಟದ ಮಣೆ, ಈಳಿಗೆಮಣೆ, ಹಸೆಮಣೆ ಕೂಡ.
ಕೀಲಿಮಣೆಗೆ ಮಾತ್ರ ಯಾರು ಕಾಲು ಕೊಟ್ಟರೋ.

ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ ಸೈದಲವಿಯ ಅಂಗಡಿ.
ಮೂರು ತೆಗೆದಿಟ್ಟ.
ಒಂದು ಬಿಸ್ಕತ್ತಿನಷ್ಟು ತೆಳು, ಆದರೆ ಚಾರ್ಜು ಬೇಕು;
ನಮ್ಮಲ್ಲಿ ಮಳೆಗಾಲದ ಕರೆಂಟು ನೆಂಟರ ಹಾಗೆ, ಬಂದಾಗ ಬಂತು.
ಇನ್ನೊಂದರ ಕೀಲಿಗಳೆಲ್ಲ ಗುಂಡಗೆ, ಪೆಪ್ಪರ್‌ಮಿಂಟಿನ ಬಣ್ಣ,
ಬೆರಳು ಎಲ್ಲಿ ನಿಂತಿದೆಯೆಂದು ಬೆರಳಿಗೇ ಗೊತ್ತಾಗದು.
ಮೂರನೆಯದು ಬೂದಿ ಬಣ್ಣ,
ಗೋಡೆ ಗಡಿಯಾರದ ಸೆಲ್ಲು ಎರಡು ಸಾಕು.
ಬಲಗಡೆಯ ಅಂಕಿಗಳ ಕೇರಿಯೇ ಇಲ್ಲ.
ಲೆಕ್ಕ ಬರೆಯೋರಿಗೆ ಕಷ್ಟ ಅಕ್ಕಾ, ಅಂದ.
ನಾನು ಬರೆಯುವ ಅಂಕಿ ಎಷ್ಟು?
ಸರ್ವೆ ನಂಬರು, ಸಾಕ್ಷಿಯ ವಯಸ್ಸು, ತಾರೀಖು.

ಕಣ್ಣು ಮುಚ್ಚಿ ಎಡಗೈ ತೋರುಬೆರಳು ಇಟ್ಟೆ.
ಎಫ್ ಕೀಲಿಯ ಮೇಲೆ ಜೀರಿಗೆಯಷ್ಟು ಉಬ್ಬು.
ಇಂಗ್ಲಿಷಿನಲ್ಲಿ ಅದು ಬರೀ ಒಂದು ಅಕ್ಷರ,
ನಮಗೆ ಒತ್ತು.
ಅದಿಲ್ಲದೆ ಅಮ್ಮ ಅಮಮ, ಅಕ್ಕ ಅಕಕ,
ನ್ಯಾಯ ನಯಾಯ.
ಹಳೆಯದರಲ್ಲಿ ಸವೆದು ಎಷ್ಟು ಕಾಲವಾಗಿತ್ತೋ,
ಕತ್ತಲಲ್ಲಿ ಬಾಗಿಲ ಚಿಲಕ ತಡಕಿದ ಹಾಗೆ ತಡಕುತ್ತಿದ್ದೆ.
ಇದೇ ಕೊಡು ಅಂದೆ.
ಬೆಲೆ ಆಮೇಲೆ ಕೇಳಿದೆ.

ಮೊದಲ ರಾತ್ರಿ.
ಲೋಟ ಕಿಟಕಿಯಿಂದ ಹಲಗೆಗೆ ಮರಳಿತು.
ಮಣಿಕಟ್ಟು ನೆಲ ಸಿಕ್ಕಿದಂತೆ ನೇರ.
ಕೀಲಿ ಒಳಗಿಳಿಯುವುದು ಬೆಂಕಿಕಡ್ಡಿಯ ದಪ್ಪ, ಅಷ್ಟೇ;
ಸದ್ದು, ಬೆಕ್ಕು ಅಕ್ಕಿ ಮೂಟೆಯ ಮೇಲೆ ನಡೆದ ಹಾಗೆ.
ನಾಲ್ಕು ಪುಟ ಮುಗಿಯುವಷ್ಟರಲ್ಲಿ
ಪೂವಿ ಎದ್ದು ಕೂತಳು.
ಅಮ್ಮಾ, ಎಲ್ಲಿಗೆ ಹೋದೆ?

ಹುಟ್ಟಿದಾಗಿನಿಂದ ಆ ಎಮ್ಮೆಯ ಟಕಟಕದ ಮೇಲೇ ಮಲಗಿದ ಮಗು.
ಇಲ್ಲೇ ಇದ್ದೇನೆ ಮಾರಾಯ್ತಿ ಅಂದೆ, ನಂಬಲಿಲ್ಲ.
ಹೊಸದರಲ್ಲಿ ತುಸು ದನಿ ಇರುವುದು
ಪದ ಬಿಡಿಸುವ ಆ ಉದ್ದ ಪಟ್ಟಿಗೆ ಮಾತ್ರ.
ಹೆಬ್ಬೆರಳಲ್ಲಿ ಅದನ್ನೇ ಒತ್ತಿದೆ, ಒತ್ತಿದೆ,
ಅವಳ ಉಸಿರು ಇಳಿಯುವವರೆಗೆ.

ಬೆಳಿಗ್ಗೆ ನೋಡಿದರೆ
ಮೂರನೇ ಸಾಕ್ಷಿಯ ಮಾತಿನ ನಡುವೆ
ಅರ್ಧ ಪುಟ ಬಿಳಿ.
ಅಳಿಸಲಿಲ್ಲ ಇನ್ನೂ.
ವಕೀಲರು ಕೇಳಿದರೆ ಹೇಳುತ್ತೇನೆ,
ಇಲ್ಲಿ ಸಾಕ್ಷಿ ಸ್ವಲ್ಪ ಹೊತ್ತು ಸುಮ್ಮನಿದ್ದ.